ಆಂಪ್ ದೊಡ್ಡದಾಗಿಯೋ ಚಿಕ್ಕದಾಗಿಯೋ? ಕಾರಿನ ಸ್ಪೀಕರ್ ಸುಟ್ಟಾಗ ದೋಷ ಹುಡುಕುವ ಬಗೆ

ತೀರ್ಥಹಳ್ಳಿಯ ನಮ್ಮ ಭಾವನ ಕಾರಿನಲ್ಲಿ ಮುಂದಿನ ಬಾಗಿಲಿನ ಸ್ಪೀಕರ್ ಜೋಡಿ ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟಿತು. ಮೊದಲ ಸಲ ಅಂಗಡಿಯವರು ಆಂಪಿನ, ಅಂದರೆ ಸ್ಪೀಕರಿಗೆ ಪವರ್ ಕೊಡುವ ಆಂಪ್ಲಿಫೈಯರಿನ ಮೇಲೆ ತಪ್ಪು ಹೊರಿಸಿ, “ಆಂಪ್ ಪವರ್ ಜಾಸ್ತಿ ಆಯ್ತು, ಸ್ಪೀಕರ್ ತಡೀಲಿಲ್ಲ” ಅಂದರಂತೆ. ಅದನ್ನು ನಂಬಿ ಇನ್ನೂ ದೊಡ್ಡ ಸ್ಪೀಕರ್ ಹಾಕಿಸಿದರು. ಅವೂ ಮಳೆಗಾಲ ಮುಗಿಯುವುದರೊಳಗೆ ಹೋದವು. ಮೂರನೇ ಜೋಡಿಗೆ ದುಡ್ಡು ಹಾಕುವ ಮೊದಲು ಶಿವಮೊಗ್ಗಕ್ಕೆ ಬಂದು ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, “ಇದು ಎಂತ ಅಂತ ನೀನೇ ನೋಡು ಮಾರಾಯ” ಅಂದರು. ಒಂದು ಭಾನುವಾರ ಪೂರ್ತಿ ಹಿಡಿಯಿತು. ಕೊನೆಗೆ ಗೊತ್ತಾದದ್ದು ಅಂಗಡಿಯವರ ಮಾತಿಗೆ ತದ್ವಿರುದ್ಧ: ಪವರ್ ಸಾಲದೇ ಹೋಗಿಯೇ ಸ್ಪೀಕರ್ ಸುಟ್ಟಿದ್ದವು.

ಹುಡುಕಿದ ಕ್ರಮವನ್ನು ಇಲ್ಲಿ ಹಾಗೇ ಬರೆಯುತ್ತಿದ್ದೇನೆ. ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಐದಾರು ಮೀಟರ್ ತೆಳು ವೈರು, ಸ್ಕ್ರೂಡ್ರೈವರ್, ಸ್ಪ್ಯಾನರ್, ಎಮರಿ ಪೇಪರ್, ಮತ್ತು ಪೆನ್‌ಡ್ರೈವಿನಲ್ಲಿ 50 ಹರ್ಟ್ಜ್ ಹಾಗೂ 1000 ಹರ್ಟ್ಜಿನ ಟೆಸ್ಟ್ ಟೋನ್, ಎರಡೂ ಸೊನ್ನೆ ಡೆಸಿಬಲ್ ಮಟ್ಟದಲ್ಲಿ, ಅಂದರೆ ರೆಕಾರ್ಡಿಂಗಿನ ಗರಿಷ್ಠ ಮಟ್ಟದಲ್ಲಿ.

ಸತ್ತ ಸ್ಪೀಕರನ್ನು ಮೊದಲು ನೋಡಿ

ಹಳೆಯ ಸ್ಪೀಕರನ್ನು ಗುಜರಿಗೆ ಎಸೆಯಬೇಡಿ. ಅದು ಹೇಗೆ ಸತ್ತಿತು ಎಂಬುದು ಅದರ ಮೈಮೇಲೇ ಇರುತ್ತದೆ. ಬಾಗಿಲಿನ ಪ್ಯಾಡ್ ಬಿಚ್ಚಿ ಸ್ಪೀಕರ್ ಹೊರತೆಗೆದು ಎರಡು ವೈರನ್ನೂ ಕಳಚಿ, ಮೀಟರನ್ನು ಓಮ್‌ಗೆ ಇಟ್ಟು ಎರಡು ಕಾಲಿಗೆ ಮುಟ್ಟಿಸಿ. 4 ಓಮ್ ಎಂದು ಬರೆದ ಸ್ಪೀಕರ್ ಸರಿಯಾಗಿದ್ದರೆ ಮೀಟರಿನಲ್ಲಿ ಸುಮಾರು 3.2ರಿಂದ 3.8 ತೋರಿಸುತ್ತದೆ. 4 ಬರಲಿಲ್ಲ ಎಂದು ಗಾಬರಿಯಾಗಬೇಡಿ, ಮೀಟರ್ ಅಳೆಯುವುದು ತಂತಿಯ ಬರಿಯ ರೋಧವನ್ನು ಮಾತ್ರ. ಏನೂ ತೋರಿಸದೆ ಓಪನ್ ಬಂದರೆ ಕಾಯಿಲ್, ಅಂದರೆ ಒಳಗಿನ ತಂತಿಯ ಸುರುಳಿ, ಕಡಿದಿದೆ. 1 ಅಥವಾ 2 ಓಮ್ ಬಂದರೆ ಇನ್ನೂ ಕೆಟ್ಟದ್ದು: ಕಾಯಿಲಿನ ವಾರ್ನಿಶ್ ಸುಟ್ಟು ಸುತ್ತುಗಳು ಒಂದಕ್ಕೊಂದು ತಾಗಿಕೊಂಡಿವೆ. ಅಂಥ ಸ್ಪೀಕರ್ ಇನ್ನೂ ಸಣ್ಣಗೆ ಹಾಡುತ್ತಿರಬಹುದು, ಆದರೆ ಅದನ್ನು ಹಾಗೇ ಬಿಟ್ಟರೆ ಆಂಪನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ನಂತರ ಕೋನಿನ, ಅಂದರೆ ಅದುರಿ ಸದ್ದು ಹೊರಡಿಸುವ ಮುಂಭಾಗದ, ಎರಡೂ ಬದಿಗೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬಂದರೆ ಸರಿ. ಕರಕರ ಎಂದು ಉಜ್ಜಿದರೆ ಅದಕ್ಕೆ ಎರಡು ಕಾರಣ ಇರಬಹುದು, ಮೂಗು ಹತ್ತಿರ ತಂದರೆ ಯಾವುದೆಂದು ತಿಳಿಯುತ್ತದೆ. ಸುಟ್ಟ ವಾರ್ನಿಶಿನ ಘಾಟು ಬಂದರೆ ಕಾಯಿಲ್ ಬಿಸಿಯಾಗಿ ಸೊಟ್ಟಗಾಗಿದೆ. ವಾಸನೆಯಿಲ್ಲದೆ, ಮ್ಯಾಗ್ನೆಟ್ಟಿನ ಅಂಚಿನಲ್ಲಿ ತುಕ್ಕು, ಕಾಗದದ ಕೋನಿನಲ್ಲಿ ನೀರಿನ ಕಲೆ, ಬೂಷ್ಟು ಕಂಡರೆ ಅದು ನಮ್ಮೂರ ಮಳೆಯ ಕೆಲಸ.

ಈ ಎರಡನೆಯದನ್ನು ಮಲೆನಾಡಿನಲ್ಲಿ ಗಂಭೀರವಾಗಿ ತೆಗೆದುಕೊಳ್ಳಬೇಕು. ಕಿಟಕಿ ಗಾಜಿನ ರಬ್ಬರ್ ದಾಟಿ ಬಾಗಿಲಿನ ಒಳಗೆ ನೀರಿಳಿಯುವುದು ಎಲ್ಲ ಕಾರಿನಲ್ಲೂ ಸಹಜ. ಅದು ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ತೋಟದ ದಾರಿಯ ಕೆಂಪು ಕೆಸರು ಆ ತೂತುಗಳನ್ನು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ಪ್ಯಾಡಿನ ಹಿಂದೆ ಕಂಪನಿ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಸ್ಪೀಕರ್ ಹಾಕುವವರು ಅವಸರದಲ್ಲಿ ಹರಿದು ಬಿಸಾಡಿದ್ದರೆ ಸ್ಪೀಕರಿನ ಜೊತೆಗೆ ಪ್ಯಾಡೂ ನೆನೆಯುತ್ತದೆ. ಆಷಾಢದಲ್ಲಿ ತಿಂಗಳುಗಟ್ಟಲೆ ಬಿಸಿಲೇ ಕಾಣದ ಊರುಗಳಲ್ಲಿ ಕಾಯಿಲ್ ಓಡಾಡುವ ಆ ಕೂದಲೆಳೆಯಷ್ಟು ಸಂದಿಗೆ ತುಕ್ಕಿನ ಪುಡಿ ಬಿದ್ದರೆ ಸಾಕು. ಹೀಗೆ ಹೋದ ಸ್ಪೀಕರಿಗೆ ಆಂಪ್ ಬದಲಿಸಿ ಪ್ರಯೋಜನವಿಲ್ಲ. ತೂತು ಬಿಡಿಸಿ, ಹೊಸ ಪ್ಲಾಸ್ಟಿಕ್ ಅಂಟಿಸಿ, ಕಾಗದದ ಬದಲು ಪಾಲಿಪ್ರೊಪಿಲೀನ್ ಕೋನಿನ ಸ್ಪೀಕರ್ ಹಾಕಿಸಿ.

ಕೋಆಕ್ಸಿಯಲ್ ಸ್ಪೀಕರಿನಲ್ಲಿ ಇನ್ನೊಂದು ಮೋಸವಿದೆ. ನಡುವೆ ಕೂತ, ಮೇಲ್ಸ್ವರಗಳನ್ನು ಹಾಡುವ ಪುಟ್ಟ ಟ್ವೀಟರಿಗೆ ಕೆಪಾಸಿಟರ್ ಮೂಲಕ ಸಂಪರ್ಕ ಇರುವುದರಿಂದ ಮೀಟರಿಗೆ ಅದು ಕಾಣುವುದೇ ಇಲ್ಲ. 3.5 ಓಮ್ ಚೆನ್ನಾಗಿ ಬಂದರೂ ಟ್ವೀಟರ್ ಸತ್ತಿರಬಹುದು. ಹಾಡಿನ ತಾಳ, ಗೆಜ್ಜೆಯ ಸದ್ದು ಮಂಕಾಗಿದೆ, ಕಂಬಳಿ ಹೊದಿಸಿದ ಹಾಗಿದೆ ಅನಿಸಿದರೆ ಕಿವಿಯನ್ನು ಟ್ವೀಟರಿನ ಬಳಿ ತಂದು ಕೇಳಿ.

ಭಾವನ ನಾಲ್ಕೂ ಸ್ಪೀಕರಿನಲ್ಲಿ ಟ್ವೀಟರ್ ಮೊದಲು ಹೋಗಿತ್ತು, ಆಮೇಲೆ ಕಾಯಿಲ್. ಘಾಟು ಜೋರಾಗಿಯೇ ಇತ್ತು, ತುಕ್ಕು ಇರಲಿಲ್ಲ. ಹಾಗಾಗಿ ನೀರನ್ನು ಬಿಟ್ಟು ಬಿಸಿಯ ಬೆನ್ನು ಹತ್ತಿದೆ.

ಡಬ್ಬದ ಮೇಲಿನ ವ್ಯಾಟನ್ನು ಒರೆಗೆ ಹಚ್ಚಿ

ಆಂಪಿನ ನೆತ್ತಿಯ ಮೇಲೆ ದೊಡ್ಡದಾಗಿ 1000 ವ್ಯಾಟ್ ಎಂದಿತ್ತು. ಪಕ್ಕದಲ್ಲಿ ಒಂದೇ ಒಂದು 20 ಆಂಪಿಯರ್ ಫ್ಯೂಸ್. ನಾನು ನಂಬುವುದು ಫ್ಯೂಸನ್ನು. 20 ಆಂಪಿಯರನ್ನು ಗಾಡಿ ಚಾಲೂ ಇದ್ದಾಗಿನ 13.8 ವೋಲ್ಟಿಗೆ ಗುಣಿಸಿದರೆ 276 ವ್ಯಾಟ್. ಬಹಳ ಹೊತ್ತು ಒಂದೇ ಸಮನೆ ಒಳಗೆ ಹೋಗಬಹುದಾದದ್ದೇ ಅಷ್ಟು. ಎಬಿ ಕ್ಲಾಸ್ ಆಂಪ್ ಅದರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಬಿಸಿಯಾಗಿ ಕಳೆಯುತ್ತದೆ. ಉಳಿದದ್ದು 150ರ ಆಸುಪಾಸು, ನಾಲ್ಕು ಚಾನೆಲ್ಲಿಗೆ ಹಂಚಿದರೆ ತಲಾ 35ರಿಂದ 38. ಡಿ ಕ್ಲಾಸ್ ಆಗಿದ್ದರೆ ಸುಮಾರು 80 ಶೇಕಡಾ ಹೊರಗೆ ಬರುತ್ತದೆ, ಲೆಕ್ಕ ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಆದರೂ 1000 ಆಗುವುದಿಲ್ಲ. ಸ್ಪೀಕರಿನ ಮೇಲೆ ದೊಡ್ಡಕ್ಷರದಲ್ಲಿ 300 ವ್ಯಾಟ್, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಆರ್‌ಎಂಎಸ್ (ಬಿಡುವಿಲ್ಲದೆ ತಾಳಬಲ್ಲ ಪವರ್) 60 ಎಂದಿತ್ತು. ಲೆಕ್ಕಕ್ಕೆ ಬರುವುದು ಆ 60 ಮಾತ್ರ.

ಡ್ಯಾಶ್‌ಬೋರ್ಡಿನ ಸ್ಟೀರಿಯೊ ಸೆಟ್ಟುಗಳ ಮೇಲಿರುವ “50 ವ್ಯಾಟ್ × 4” ಎಲ್ಲಿಂದ ಬರುತ್ತದೆ ಎಂಬುದೂ ತಿಳಿದಿರಲಿ. 14.4 ವೋಲ್ಟನ್ನು 14.4ರಿಂದ ಗುಣಿಸಿ 4 ಓಮಿನಿಂದ ಭಾಗಿಸಿ: 51.84. ಅಂದರೆ ಬ್ಯಾಟರಿಯ ವೋಲ್ಟೇಜ್ ಪೂರ್ತಿಯಾಗಿ, ಒಂದಿಷ್ಟೂ ನಷ್ಟವಿಲ್ಲದೆ, ಚೌಕಾಕಾರದ ಅಲೆಯಾಗಿ ಸ್ಪೀಕರಿಗೆ ಸುರಿದರೆ ಬರುವ ಸಂಖ್ಯೆ ಅದು. ಯಾರೂ ಕೇಳಲಾರದ ಸದ್ದು. ನುಣುಪಾದ ಅಲೆಗೆ ಅದರ ಅರ್ಧ, ಒಳಗಿನ ನಷ್ಟ ಕಳೆದರೆ 15ರಿಂದ 20 ವ್ಯಾಟ್. ಆಂಪ್ ಕೊಳ್ಳುವಾಗ ಡಬ್ಬದ ಮೇಲೆ ಸಿಇಎ-2006 (ಈಗಿನ ಹೆಸರು ಸಿಟಿಎ-2006) ಎಂಬ ಗುರುತಿದ್ದರೆ ಆ ವ್ಯಾಟನ್ನು ನಂಬಬಹುದು. 14.4 ವೋಲ್ಟಿನಲ್ಲಿ, 4 ಓಮಿಗೆ, ಶೇಕಡಾ 1ಕ್ಕಿಂತ ಹೆಚ್ಚು ವಿಕೃತಿ ಇಲ್ಲದೆ ಅಳೆದ ಪವರ್ ಎಂದು ಅದರ ಅರ್ಥ.

35 ವ್ಯಾಟಿನ ಆಂಪ್ 60 ವ್ಯಾಟಿನ ಸ್ಪೀಕರನ್ನು ಹೇಗೆ ಸುಡುತ್ತದೆ

ಭಾವನಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. “ಅರ್ಧ ಹೊರೆ ಹಾಕಿದ್ರೆ ಎತ್ತು ಸಾಯ್ತದಾ?” ಅಂದರು. ಮಾತೇನೋ ಸರಿ, ಆದರೆ ಆ ಹೊರೆ ಅರ್ಧವಾಗಿ ಉಳಿದಿರಲಿಲ್ಲ.

ಹಾಡಿನಲ್ಲಿ ಪೂರ್ತಿ ಪವರ್ ಬೇಕಾಗುವುದು ತಬಲಾ ಅಥವಾ ಡ್ರಮ್ಮಿನ ಏಟು ಬೀಳುವ ಕ್ಷಣದಲ್ಲಿ ಮಾತ್ರ. ಏಟಿನ ನಡುವೆ ಕಾಯಿಲಿಗೆ ಉಸಿರಾಡಲು ಬಿಡುವು. ಸಾಮಾನ್ಯ ಹಾಡೊಂದರ ಸರಾಸರಿ ಪವರ್ ಅದರ ಮೇಲ್ತುದಿಯ ಎಂಟನೇ ಒಂದೋ ಹತ್ತನೇ ಒಂದೋ ಭಾಗ. ಅಂದರೆ 35 ವ್ಯಾಟಿನ ಆಂಪ್ ತನ್ನ ಮಿತಿಯೊಳಗೆ ಎಷ್ಟೇ ಜೋರಾಗಿ ಹಾಡಿದರೂ ಕಾಯಿಲ್ ಬಿಸಿಯಾಗುವುದು ನಾಲ್ಕೈದು ವ್ಯಾಟಿನಷ್ಟು. 60 ವ್ಯಾಟಿನ ಸ್ಪೀಕರಿಗೆ ಅದು ಏನೂ ಅಲ್ಲ.

ಈಗ ಮಳೆ ಬರಲಿ. ಮಂಡಗದ್ದೆ ದಾಟಿ ತೀರ್ಥಹಳ್ಳಿಯ ಕಡೆ ಹೋಗುವಾಗ ಜೋರು ಮಳೆ ಹೊಡೆದರೆ ಕಾರಿನ ತಗಡಿನ ಮೇಲೆ ಬೀಳುವ ಸದ್ದಿಗೆ ಪಕ್ಕದವರ ಮಾತೇ ಕೇಳುವುದಿಲ್ಲ. ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಆಂಪಿಗೆ ಕೊಡಲು ಇರುವುದೇ 35, ಕೇಳುತ್ತಿರುವುದು 150. ಅಲೆಯ ನೆತ್ತಿ ಕತ್ತಿಯಲ್ಲಿ ಸವರಿದಂತೆ ಚಪ್ಪಟೆಯಾಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು. ಪೂರ್ತಿ ಚಪ್ಪಟೆಯಾದ ಅಲೆಯಲ್ಲಿ ಅದೇ ಎತ್ತರದ ನುಣುಪಾದ ಅಲೆಯ ಎರಡು ಪಟ್ಟು ಪವರ್ ಇರುತ್ತದೆ. 35 ಎಂಬುದು 70ರವರೆಗೆ ಏರಬಹುದು, ಅದೂ ಬಿಡುವಿಲ್ಲದೆ. ನಾಲ್ಕೈದು ವ್ಯಾಟ್ ತಿನ್ನುತ್ತಿದ್ದ ಕಾಯಿಲಿಗೆ ಊರು ಮುಟ್ಟುವವರೆಗೂ ನಲವತ್ತು, ಐವತ್ತು, ಅರವತ್ತು. ಚಪ್ಪಟೆಯಾದ ಅಂಚಿನಲ್ಲಿ ಹುಟ್ಟುವ ಕರ್ಕಶ ಮೇಲ್ಸ್ವರಗಳೆಲ್ಲ ಟ್ವೀಟರಿನ ಪಾಲು. ಆ ಬೆರಳಗಲದ ಟ್ವೀಟರ್ ತಡೆಯುವುದೇ ಕೆಲವು ವ್ಯಾಟ್. ಭಾವನ ಗಾಡಿಯಲ್ಲಿ ಟ್ವೀಟರ್ ಮೊದಲು ಹೋದದ್ದು ಅದಕ್ಕೇ.

ಕ್ಲಿಪ್ ಆದಾಗ ಸ್ಪೀಕರಿಗೆ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು, ಹೋಗುತ್ತದೆ, ಅದರಿಂದಲೇ ಸುಡುತ್ತದೆ ಎಂದು ಹೇಳುವವರಿದ್ದಾರೆ. ಅದು ತಪ್ಪು. ಚಪ್ಪಟೆಯಾದರೂ ಅಲೆ ಮೇಲೆ ಕೆಳಗೆ ಹೋಗುತ್ತಲೇ ಇರುತ್ತದೆ. ನಿಜವಾಗಿ ಡಿಸಿ ಬರುವುದು ಆಂಪಿನ ಒಳಗಿನ ಟ್ರಾನ್ಸಿಸ್ಟರ್ ಹೋದಾಗ. ಅನುಮಾನವಿದ್ದರೆ ಸ್ಪೀಕರ್ ಕಳಚಿ, ಆಂಪ್ ಆನ್ ಮಾಡಿ, ಹಾಡು ನಿಲ್ಲಿಸಿ, ಅದರ ಎರಡು ಸ್ಪೀಕರ್ ಟರ್ಮಿನಲ್ಲಿನ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಸರಿ. ಇಡೀ ವೋಲ್ಟುಗಳೇ ಕಂಡರೆ ಹೊಸ ಸ್ಪೀಕರ್ ಜೋಡಿಸಲೇಬೇಡಿ, ಮೊದಲು ಆಂಪ್ ರಿಪೇರಿ.

ವೋಲ್ಟೇಜ್ ದಾರಿಯಲ್ಲಿ ಎಲ್ಲಿ ಸೋರುತ್ತಿದೆ

35 ವ್ಯಾಟ್ ಎಂಬುದೂ ಆಂಪಿಗೆ ಪೂರ್ತಿ ವೋಲ್ಟೇಜ್ ಸಿಕ್ಕಿದಾಗಿನ ಮಾತು. ನನ್ನ ಅನುಭವದಲ್ಲಿ ಈ ಭಾಗದ ಗಾಡಿಗಳಲ್ಲಿ ಹತ್ತಕ್ಕೆ ಏಳೆಂಟು ದೋಷ ಕೂತಿರುವುದು ಇಲ್ಲಿ, ಮತ್ತು ಯಾರೂ ನೋಡದಿರುವುದೂ ಇಲ್ಲಿಯೇ.

ಗಾಡಿ ಸ್ಟಾರ್ಟ್ ಮಾಡಿ, ಬಾಸ್ ಜಾಸ್ತಿ ಇರುವ ಹಾಡನ್ನು ಜೋರಾಗಿ ಹಾಕಿ, ಬ್ಯಾಟರಿಯ ಎರಡು ಟರ್ಮಿನಲ್ಲಿನ ನಡುವೆ ಅಳೆದೆ: 14.2 ವೋಲ್ಟ್. ಆಲ್ಟರ್ನೇಟರ್ ಚೆನ್ನಾಗಿದೆ ಎಂದಾಯಿತು. ಸೀಟಿನ ಕೆಳಗಿನ ಆಂಪಿನ ಟರ್ಮಿನಲ್ಲಿನಲ್ಲಿ ಅಳೆದರೆ 12.1. ಎರಡು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಮಾಯ. ಕಾರಿನ ಹೆಚ್ಚಿನ ಆಂಪುಗಳಲ್ಲಿ ಒಳಬರುವ ವೋಲ್ಟೇಜ್ ಇಳಿದಂತೆ ಹೊರಹೋಗುವುದೂ ಇಳಿಯುತ್ತದೆ. ಪವರ್ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಇಷ್ಟಕ್ಕೇ ಕಾಲು ಭಾಗಕ್ಕಿಂತ ಹೆಚ್ಚು ಪವರ್ ಹೋಯಿತು. ಪಾಪದ 35 ವ್ಯಾಟ್ ಈಗ 25.

ಎಲ್ಲಿ ಹೋಯಿತು ಎಂದು ತಿಳಿಯಲು ಆ ಉದ್ದ ವೈರು ಬೇಕು. ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಹಾಡು ಜೋರಾಗಿ ಓಡುತ್ತಿರುವಾಗಲೇ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಆಂಪಿನ ಪ್ಲಸ್ಸಿಗೆ ಮುಟ್ಟಿಸಿ. 0.3ರೊಳಗೆ ಇದ್ದರೆ ಚೆನ್ನ, 0.5 ದಾಟಿದರೆ ವೈರು ಸಾಲದು. ಇಲ್ಲಿ 0.7 ಬಂತು. ನಂತರ ಬ್ಯಾಟರಿಯ ಮೈನಸ್ಸಿನಿಂದ ಆಂಪಿನ ಮೈನಸ್ಸಿಗೆ. ಇದು 0.2 ದಾಟಬಾರದು. ಬಂದದ್ದು 1.4.

ಅರ್ಥ್ ವೈರ್ ಹಿಡಿದುಕೊಂಡು ಹೋದೆ. ಮ್ಯಾಟಿನ ಕೆಳಗೆ ಒಂದು ಬೋಲ್ಟಿಗೆ ವೈರಿನ ಎಳೆಗಳನ್ನು ಕೈಯಲ್ಲೇ ಸುತ್ತಿ ಬಿಗಿದಿದ್ದರು. ಲಗ್ ಇಲ್ಲ, ಕೆಳಗಿನ ಪೇಂಟ್ ಕೆರೆದಿಲ್ಲ. ಒದ್ದೆ ಚಪ್ಪಲಿಯ ನೀರು ಮ್ಯಾಟಿನಡಿಗೆ ಇಳಿದು ಎಳೆಗಳು ಹಸಿರುಗಟ್ಟಿ, ಬೋಲ್ಟು ತುಕ್ಕಾಗಿತ್ತು. ಬೇಸಿಗೆಯಲ್ಲಿ ಹಾಕಿಸಿದ ದಿನ ಚೆನ್ನಾಗಿಯೇ ಹಾಡಿರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ನೋಡುವವರಿಲ್ಲ.

ಪ್ಲಸ್ ವೈರಿನದು ಬೇರೆ ಕಥೆ. ಹೊರಗೆ ಕಿರುಬೆರಳಿನಷ್ಟು ದಪ್ಪ ಕೆಂಪು ಪ್ಲಾಸ್ಟಿಕ್, ಒಳಗಿನ ಲೋಹ ಅದರ ಅರ್ಧವೂ ಇಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ: ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅದು. ಅದೇ ದಪ್ಪದ ತಾಮ್ರಕ್ಕಿಂತ ರೋಧ ಸುಮಾರು ಒಂದೂವರೆ ಪಟ್ಟು, ತೇವದಲ್ಲಿ ಬೇಗ ಪುಡಿಯಾಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಎಳೆ ಕೆರೆದು ನೋಡಿ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಸರಿಪಡಿಸಿದ್ದು ಹೀಗೆ. ಮೊದಲು ಬ್ಯಾಟರಿಯ ಮೈನಸ್ ಕಳಚಿದೆ. ಸೀಟಿನ ಕೆಳಗೆ ಬಾಡಿಯ ಗಟ್ಟಿ ತಗಡಿನ ಜಾಗ ಹುಡುಕಿ, ಎಮರಿ ಪೇಪರಿನಿಂದ ಪೇಂಟ್ ತೆಗೆದು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಕ್ರಿಂಪ್ ಮಾಡಿದ ರಿಂಗ್ ಲಗ್, ಸ್ಟಾರ್ ವಾಷರ್, ಬೋಲ್ಟ್, ಬಿಗಿದ ಮೇಲೆ ದಪ್ಪಗೆ ಗ್ರೀಸು. ಅರ್ಥ್ ವೈರ್ ಪ್ಲಸ್ಸಿನಷ್ಟೇ ದಪ್ಪ, ಅರ್ಧ ಮೀಟರಿನೊಳಗೆ. ಸೀಟ್ ಬೆಲ್ಟಿನ ಬೋಲ್ಟಿಗೆ ಮಾತ್ರ ಕೈ ಹಾಕಬೇಡಿ, ಅದು ಜೀವ ಹಿಡಿಯುವ ಬೋಲ್ಟು. ಪ್ಲಸ್ಸಿಗೆ ಪೂರ್ತಿ ತಾಮ್ರದ 4 ಗೇಜ್, ಅಂದರೆ ಸುಮಾರು 21 ಚದರ ಮಿಲಿಮೀಟರಿನ ವೈರು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 60 ಆಂಪಿಯರ್ ಫ್ಯೂಸ್. ಈ ಫ್ಯೂಸ್ ಕಾಯುವುದು ಆಂಪನ್ನಲ್ಲ, ಗಾಡಿಯನ್ನು. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ಟಿನೊಳಗೆ ಸೇರುವ ಇಲಿ ವೈರ್ ಕಡಿದು ಬಾಡಿಗೆ ತಾಗಿದರೆ ಬೆಂಕಿ ಹತ್ತುವುದನ್ನು ತಡೆಯುವುದು ಅದೊಂದೇ. ಬಾನೆಟ್ಟಿನೊಳಗಿನ ಉದ್ದಕ್ಕೂ ಗಟ್ಟಿ ಸ್ಲೀವ್ ಹಾಕಿ, ಡ್ಯಾಶಿನೊಳಗೆ ನುಗ್ಗುವ ತೂತಿಗೆ ರಬ್ಬರ್ ಗ್ರೊಮೆಟ್.

ಮತ್ತೆ ಅಳೆದರೆ ಪ್ಲಸ್ ಕಡೆ 0.1, ಅರ್ಥ್ ಕಡೆ ಲೆಕ್ಕಕ್ಕಿಲ್ಲ.

ಗೇನ್ ಎಂಬುದು ವಾಲ್ಯೂಮ್ ಅಲ್ಲ

ಆಂಪಿನ ಗೇನ್ ತಿರುಪು, ಅಂದರೆ ಸೆಟ್ಟಿನಿಂದ ಬರುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು, ಕೊನೆಯವರೆಗೆ ತಿರುಗಿತ್ತು, ಬಾಸ್ ಬೂಸ್ಟ್ 12 ಡೆಸಿಬಲ್‌ನಲ್ಲಿತ್ತು. 12 ಡೆಸಿಬಲ್ ಎಂದರೆ ಆ ಸ್ವರಗಳಿಗೆ ಹದಿನಾರು ಪಟ್ಟು ಪವರ್ ಕೇಳಿದಂತೆ. ಅದನ್ನು ಮೊದಲು ಸೊನ್ನೆಗೆ ತಂದೆ. ಬಾಗಿಲಿನ ಸ್ಪೀಕರಿಗೆ ಎಚ್‌ಪಿಎಫ್, ಅಂದರೆ ಕೆಳಗಿನ ಸ್ವರಗಳನ್ನು ತಡೆಯುವ ಫಿಲ್ಟರ್, ಆನ್ ಮಾಡಿ 80 ಹರ್ಟ್ಜಿಗೆ ಇಟ್ಟೆ. ಆರೂವರೆ ಇಂಚಿನ ಕೋನು ತೀರಾ ಕೆಳಗಿನ ಬಾಸಿಗಾಗಿ ಒದ್ದಾಡುವುದು ನಿಂತರೆ ಅದರ ಆಯಸ್ಸೂ ಹೆಚ್ಚು, ಸದ್ದೂ ತಿಳಿ.

ಗೇನ್ ಹೊಂದಿಸಲು ಕಿವಿ ಸಾಲದು, ಮೀಟರ್ ಬೇಕು. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ಎಸಿ ವೋಲ್ಟ್ ಸಿಗುತ್ತದೆ. 35 ವ್ಯಾಟ್, 4 ಓಮಿಗೆ 11.8 ವೋಲ್ಟ್. 50ಕ್ಕೆ 14.1, 60ಕ್ಕೆ 15.5, 75ಕ್ಕೆ 17.3. ಸ್ಪೀಕರಿನದು, ಆಂಪಿನದು, ಎರಡರಲ್ಲಿ ಕಮ್ಮಿ ಇರುವ ವ್ಯಾಟನ್ನು ಹಿಡಿಯಿರಿ. ಸ್ಪೀಕರ್ ವೈರುಗಳನ್ನು ಆಂಪಿನಿಂದ ಕಳಚಿ, ಸೆಟ್ಟಿನ ಈಕ್ವಲೈಸರ್, ಲೌಡ್‌ನೆಸ್ ಎಲ್ಲ ತೆಗೆದು, ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಎಂಜಿನ್ ಚಾಲೂ ಇರುವಾಗ 1000 ಹರ್ಟ್ಜಿನ ಟೋನ್ ಹಾಕಿ. ಗೇನನ್ನು ಪೂರ್ತಿ ಇಳಿಸಿ, ಮೀಟರಿನಲ್ಲಿ ಆ ವೋಲ್ಟ್ ಬರುವವರೆಗೆ ಮೆಲ್ಲಗೆ ಏರಿಸಿ ನಿಲ್ಲಿಸಿ. ಅಗ್ಗದ ಮೀಟರುಗಳು ಕೆಲವು ನೂರು ಹರ್ಟ್ಜ್ ದಾಟಿದರೆ ಸರಿಯಾಗಿ ಅಳೆಯುವುದಿಲ್ಲ. ನಿಮ್ಮದು ಅಂಥದ್ದಾದರೆ ಫಿಲ್ಟರನ್ನು ಆ ಹೊತ್ತಿಗೆ ಆಫ್ ಮಾಡಿ 50 ಹರ್ಟ್ಜಿನಲ್ಲೇ ಅಳೆಯಿರಿ. ಸಬ್‌ವೂಫರಿಗೆ ಹೇಗೂ 50ರದ್ದೇ.

ಆಂಪ್ ತಾನೇ ಆಫ್ ಆಗುತ್ತಿದ್ದರೆ

ಅರ್ಧ ಗಂಟೆ ಹಾಡಿ ಆಮೇಲೆ ನಿಂತು, ತಣ್ಣಗಾದ ಮೇಲೆ ಮತ್ತೆ ಶುರುವಾದರೆ ಅದು ಬಿಸಿ. ಸೀಟಿನಡಿಯ ಆಂಪಿನ ಮೇಲೆ ಮ್ಯಾಟ್ ಹೊದಿಸಿದ್ದರೆ ತೆಗೆಯಿರಿ. ಬಾಸ್ ಏಟಿಗೆ ಸರಿಯಾಗಿ ಕಣ್ಣು ಮಿಟುಕಿಸಿ ಆಫ್ ಆದರೆ ಮೇಲಿನ ವೋಲ್ಟೇಜ್ ಪರೀಕ್ಷೆಗೆ ವಾಪಸ್ ಹೋಗಿ. ಆನ್ ಮಾಡಿದ ಕೂಡಲೇ ಕೆಂಪು ದೀಪ ಹತ್ತಿದರೆ ಸ್ಪೀಕರ್ ವೈರೆಲ್ಲ ಕಳಚಿ ನೋಡಿ. ದೀಪ ಆರಿದರೆ ದೋಷ ಹೊರಗಿದೆ, ಒಂದೊಂದೇ ವೈರ್ ಜೋಡಿಸುತ್ತ ಬನ್ನಿ. ಬಾಗಿಲಿನ ಕೀಲಿನ ಬಳಿ ವೈರ್ ಉಜ್ಜಿ ಬಾಡಿಗೆ ತಾಗುವುದು ಸಾಮಾನ್ಯ. ಎಲ್ಲ ಕಳಚಿದರೂ ದೀಪ ಆರದಿದ್ದರೆ ಆಂಪ್ ಒಳಗೇ ಹೋಗಿದೆ.

ಓಮ್ ಲೆಕ್ಕ ತಪ್ಪಿದರೂ ಇದೇ ಆಗುತ್ತದೆ. ಎರಡು ಕಾಯಿಲಿನ ಸಬ್‌ವೂಫರಿನಲ್ಲಿ ಎರಡೂ 4 ಓಮ್ ಆಗಿದ್ದರೆ, ಪಕ್ಕಪಕ್ಕ ಜೋಡಿಸಿದಾಗ 2, ಒಂದರ ಹಿಂದೊಂದು ಜೋಡಿಸಿದಾಗ 8. ನಾಲ್ಕು ಚಾನೆಲ್ ಆಂಪಿನ ಎರಡು ಚಾನೆಲ್ ಬ್ರಿಡ್ಜ್ ಮಾಡಿ, ಅಂದರೆ ಒಂದಾಗಿ ಸೇರಿಸಿ, ಅದಕ್ಕೆ 2 ಓಮ್ ಕೊಟ್ಟರೆ ಪ್ರತಿ ಚಾನೆಲ್ಲಿಗೂ 1 ಓಮಿನ ಹೊರೆ ಬೀಳುತ್ತದೆ. ಹೆಚ್ಚಿನವಕ್ಕೆ ಬ್ರಿಡ್ಜಿನಲ್ಲಿ 4 ಓಮೇ ಕೊನೆಯ ಮಿತಿ.

ಭಾವನ ಗಾಡಿಯಲ್ಲಿ ಆಮೇಲೆ

ಹಳೇ ಆಂಪನ್ನೇ 11.8 ವೋಲ್ಟಿಗೆ ಹೊಂದಿಸಿ, 60 ವ್ಯಾಟಿನ ಹೊಸ ಜೋಡಿ ಕೂರಿಸಿ ಕಳಿಸಿದೆ. ಎರಡು ವಾರ ಬಿಟ್ಟು ಫೋನ್ ಮಾಡಿದರು. “ಸದ್ದು ತುಂಬ ಚೆಂದ ಉಂಟು, ಆದ್ರೆ ಮಳೆಯಲ್ಲಿ ಸಾಲ್ತಾ ಇಲ್ಲ ಮಾರಾಯ.” ಅದು ನ್ಯಾಯವಾದ ಮಾತು. ಪವರ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಹಾಗಾಗಿ ಸ್ಪೀಕರ್ ಆರಿಸುವಾಗಲೇ ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಎಷ್ಟು ಸದ್ದು ಕೊಡುತ್ತದೆ ಎಂಬುದು) ನೋಡಿ, 88 ಡೆಸಿಬಲಿನದರ ಬದಲು 91ರದ್ದು ತೆಗೆದುಕೊಂಡಿದ್ದೆವು. ಅಷ್ಟಕ್ಕೇ ಆಂಪನ್ನು ದುಪ್ಪಟ್ಟು ಮಾಡಿದಷ್ಟು ಲಾಭ. ಮಿಕ್ಕಿದ್ದಕ್ಕೆ ಆಂಪೇ ಬದಲಾಗಬೇಕು.

ಸ್ಪೀಕರಿನ ಆರ್‌ಎಂಎಸ್‌ಗೆ ಸಮ, ಅಥವಾ ಒಂದೂವರೆ ಪಟ್ಟಿನವರೆಗೆ ಇರುವ ಆಂಪನ್ನು ನಾನು ಧೈರ್ಯವಾಗಿ ಹಾಕಿಸುತ್ತೇನೆ. 60 ವ್ಯಾಟಿನ ಸ್ಪೀಕರಿಗೆ ಚಾನೆಲ್ಲಿಗೆ 75 ಆರ್‌ಎಂಎಸ್ ಇರುವ ಆಂಪ್ ತಂದೆವು. “ಜಾಸ್ತಿ ಅಲ್ವಾ?” ಎಂದು ಭಾವ ಮತ್ತೆ ಹೆದರಿದರು. ಗೇನನ್ನು 15.5 ವೋಲ್ಟಿನಲ್ಲಿ ನಿಲ್ಲಿಸಿದೆ, ಅಂದರೆ 60ಕ್ಕೆ. ಮೇಲಿನ 15 ವ್ಯಾಟ್ ಏಟು ಬೀಳುವ ಕ್ಷಣಕ್ಕೆ ಅಲೆಯ ನೆತ್ತಿ ಮುರಿಯದಂತೆ ಬಿಟ್ಟ ಜಾಗ.

ಒಂದು ಮಳೆಗಾಲ ಪೂರ್ತಿ ಕಳೆದಿದೆ. ದಸರಾಕ್ಕೆ ಬಂದಿದ್ದಾಗ ಮತ್ತೆ ಅಳೆದೆ: ಎರಡೂ ಸ್ಪೀಕರ್ 3.5 ಓಮ್, ಅರ್ಥ್ ಕಡೆ 0.1 ವೋಲ್ಟ್. ಬೋಲ್ಟಿನ ಮೇಲಿನ ಗ್ರೀಸು ಒರೆಸಿ ಹೊಸದು ಹಚ್ಚಿ, ಬಾಗಿಲಿನ ಕೆಳಗಿನ ತೂತಿಗೆ ಕಡ್ಡಿ ಹಾಕಿ ಕೆಸರು ತೆಗೆದು ಕಳಿಸಿದೆ.